ಬಾಣಂತಿ ನೀರಿನ ಮೇಲೆ ಹೊರಿಸಿದ ತಪ್ಪು

ಕಮಲಮ್ಮನವರೇ, ಚಾಮರಾಜಪೇಟೆಯ ಮನೆಯಲ್ಲಿ ಬಚ್ಚಲು ಸೋರಿದ್ದಕ್ಕೆ ಸುಧಕ್ಕನ ಬಾಣಂತಿ ಸ್ನಾನ ಕಾರಣವಲ್ಲ. ನಾನು ಕಾರಣ. ಅದು ಅವತ್ತೇ ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಎದುರಿಗೆ ನಿಂತೇ ಹೇಳೋಣ ಅಂದುಕೊಂಡೆ — ಆದರೆ ನಿಮ್ಮ ಮುಖ ನೋಡಿದರೆ ನನ್ನ ಬಾಯಿ ಮತ್ತೆ ಏನಾದರೂ ಸುಳ್ಳು ಹುಡುಕುತ್ತದೆ. ಅದಕ್ಕೇ ಮೊದಲು ಬರೆದು ಕಳಿಸುತ್ತಿದ್ದೇನೆ.

ಆಗ ನನಗೆ ಇಪ್ಪತ್ತು ತುಂಬಿರಲಿಲ್ಲ. ಓನರ್ ರುದ್ರಪ್ಪನವರು ಕೆಳಗೆ, ನೀವು ಮಹಡಿಯಲ್ಲಿ ಬಾಡಿಗೆಗೆ. ನಿಮ್ಮ ಬಚ್ಚಲಿನ ಹಳೇ ಗಾರೆ ನೆಲ ಕಿತ್ತು, ನೆಲಕ್ಕೂ ಗೋಡೆಗೂ ಟೈಲ್ಸ್ ಹಾಕಿ, ಶವರ್ ಕೂರಿಸುವ ಕೆಲಸ. ಮಗಳು ಸುಧಕ್ಕ ಹೆರಿಗೆಗೆ ಬಂದು ಆಸ್ಪತ್ರೆ ಸೇರಿದ್ದರು. ಮಗು ಮನೆಗೆ ಬರುವುದರೊಳಗೆ ಬಚ್ಚಲು ಮುಗಿಯಬೇಕಿತ್ತು. ನೀವು ಬಾಗಿಲಲ್ಲಿ ನಿಂತು ನನ್ನನ್ನು ರೇಗಿಸುತ್ತಿದ್ದಿರಿ.

"ಏನಪ್ಪಾ ಇಂಜಿನಿಯರ್ರೇ, ನಮ್ ಮೊಮ್ಮಗು ಬರೋಷ್ಟ್ರಲ್ಲಿ ಮುಗಿಸ್ತೀರೋ, ಇಲ್ಲ ಅದೇ ಬಂದು ಟೈಲ್ಸ್ ಜೋಡಿಸ್ಬೇಕೋ?"

ನಾನು ನಕ್ಕೆ. ನಗುತ್ತಲೇ ಅವಸರ ಮಾಡಿದೆ. ಶವರಿನ ಕೆಳಗೆ ನೀರು ಹೋಗುವ ಜಾಲಿಯ ಹತ್ತಿರ ಹಳೇ ಗಾರೆ ಬಿಡಿಸುವಾಗ ಉಳಿ ಜಾರಿತು. ಜಾಲಿಯ ಕೆಳಗಿನ ಪೈಪಿನ ಬಾಯಿ ಸೀಳಿತು. ಕಣ್ಣಾರೆ ಕಂಡೆ. ಆ ತುಂಡು ತೆಗೆದು ಬೇರೆ ಹಾಕಬೇಕು — ಅಂದರೆ ಕೆಲಸ ನಿಲ್ಲುತ್ತದೆ, ಮೇಸ್ತ್ರಿ ಬೈಯುತ್ತಾರೆ. ಸೀಳಿನ ಮೇಲೆ ಸಿಮೆಂಟ್ ಮೆತ್ತಿದೆ. ಮೇಲೆ ಟೈಲ್ಸ್ ಕೂರಿಸಿದೆ. ಮುಚ್ಚಿಹೋಯಿತು.

ನಮ್ಮ ಮೇಸ್ತ್ರಿ ಮುನಿಯಪ್ಪನವರದ್ದು ಒಂದು ಕಟ್ಟುನಿಟ್ಟು ಇತ್ತು. ಬಚ್ಚಲು ಬಿಟ್ಟುಕೊಡುವ ಮೊದಲು ಪೈಪಿಗೆ ಬಟ್ಟೆ ತುರುಕಿ, ನೆಲದ ತುಂಬ ನೀರು ನಿಲ್ಲಿಸಿ, ಮಾರನೇ ದಿನ ಕೆಳಗಿನ ಮನೆಯ ತಾರಸಿಯ ಅಡಿ ಒದ್ದೆಯಾಗಿದೆಯಾ ಅಂತ ನೋಡಿ ಬರಬೇಕು. ಆಗ ಅವರು ಬೇರೆ ಕಡೆ ಕೆಲಸದಲ್ಲಿದ್ದರು. ಬಂದ ಮೇಲೆ "ನೀರು ನಿಲ್ಸಿದ್ಯೇನೋ ಮಂಜ?" ಅಂತ ಕೇಳಿದರು. "ನಿಲ್ಸಿದ್ದೆ ಸ್ವಾಮಿ, ಒಂದು ಹನಿ ಇಳೀಲಿಲ್ಲ" ಅಂದೆ. ನಾನು ನಿಲ್ಲಿಸಿರಲಿಲ್ಲ. ನಿಲ್ಲಿಸಿದರೆ ಏನು ಕಾಣುತ್ತದೆ ಅಂತ ನನಗೆ ಗೊತ್ತಿತ್ತು.

ಮಗು ಬಂತು. ಬಾಣಂತಿ ಸ್ನಾನ ಶುರುವಾಯಿತು. ಶವರ್ ನೀರು ಬೆನ್ನಿಗೆ ಹತ್ತುವುದಿಲ್ಲ ಅಂತ ನೀವು ಅದನ್ನು ಮುಟ್ಟಲೇ ಇಲ್ಲ. ಎಣ್ಣೆ ಹಚ್ಚಿ, ಹಬೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ಸುಧಕ್ಕನ ಸೊಂಟಕ್ಕೆ ಎತ್ತಿ ಹೊಯ್ಯುತ್ತಿದ್ದಿರಿ. ಆ ನೀರು ಸೀಳಿನಲ್ಲಿ ಇಳಿಯಿತು. ಕೆಳಗೆ ಸರಿಯಾಗಿ ರುದ್ರಪ್ಪನವರ ದೇವರ ಮನೆ. ಅವರು ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅಂಗೈ ಮೇಲೇ ಹನಿ ಬಿತ್ತಂತೆ.

ನನ್ನನ್ನು ಕರೆಸಿದರು. ಮಹಡಿಗೆ ಹೋಗಿ ಜಾಲಿ ಎತ್ತಿದೆ. ಮೆತ್ತಿದ್ದ ಸಿಮೆಂಟ್ ಬಿಟ್ಟುಕೊಂಡಿತ್ತು. ಮತ್ತೆ ಜಾಲಿ ಮುಚ್ಚಿದೆ. ನೀವು ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಿರಿ. ರುದ್ರಪ್ಪನವರ ಮುಖ ಕೆಂಪಾಗಿತ್ತು.

"ನಮ್ಮಲ್ಲಿ ಸೂತಕ ಗೀತಕ ನೋಡೋದಿಲ್ಲಮ್ಮ, ಆ ಮಾತು ಬೇರೆ. ಆದ್ರೆ ಬಚ್ಚಲ ನೀರು ಪೂಜೆ ಮೇಲೆ ಬೀಳ್ಬೇಕಾ? ಏನಾಗಿದ್ಯೋ ಹೇಳೋ ನೀನು."

ಆಗ ನಾನು ಹೇಳಿದ್ದು ನಿಮಗೂ ನೆನಪಿದೆ. ಮೊನ್ನೆ ಅದೇ ಮಾತನ್ನು ನೀವು ನನಗೇ ತಿರುಗಿ ಹೇಳಿದಿರಿ.

"ಬಾಣಂತಿ ನೀರು ಸಾರ್. ಇಷ್ಟೊಂದು ಹೊಯ್ದ್ರೆ ಯಾವ ಟೈಲ್ಸು ತಡಿಯುತ್ತೆ?"

ಅಷ್ಟೇ. ನೀವು ವಾದ ಮಾಡಬಹುದಿತ್ತು. ಮಾಡಲಿಲ್ಲ. ಕೆಲಸ ಗೊತ್ತಿರುವವನು ಹೇಳುತ್ತಿದ್ದಾನೆ ಅಂತ ನಂಬಿದಿರಿ. "ನಮ್ಗೆ ತಿಳೀಲಿಲ್ಲಪ್ಪ" ಅಂತ ರುದ್ರಪ್ಪನವರ ಹತ್ತಿರ ತಪ್ಪು ಒಪ್ಪಿಕೊಂಡಿರಿ — ಮಾಡದ ತಪ್ಪು. ಆಮೇಲೆ ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟಿರಿ. ಕುಡಿದೆ. ಪೂರ್ತಿ ಕುಡಿದೆ.

ರುದ್ರಪ್ಪನವರು ಮನೆ ಖಾಲಿ ಮಾಡಿ ಅಂದರು. ಎಳೇ ಮಗು, ಬಾಣಂತಿ, ಅರ್ಧಕ್ಕೆ ನಿಂತ ಬಾಣಂತನ — ಕಿವಿಗೆ ಬಟ್ಟೆ ಕಟ್ಟಿಕೊಂಡು ಸುಧಕ್ಕ ಆಟೋ ಹತ್ತಿದ್ದನ್ನು ನಾನು ರಸ್ತೆಯ ಆಚೆ ಬದಿಯಿಂದ ನೋಡಿದೆ. ಸಾಮಾನು ಹಿಡಿಯಲೂ ಬರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ನೀವು ಹೋದ ಮೇಲೆ ರುದ್ರಪ್ಪನವರ ಹತ್ತಿರ ಬೀಗದ ಕೈ ಕೇಳಿದೆ. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬುತ್ತೇನೆ ಅಂದೆ. ಒಳಗೆ ಹೋಗಿ ಆ ಒಂದು ಟೈಲ್ಸ್ ಎಬ್ಬಿಸಿ, ಸೀಳಿದ ಪೈಪ್ ತೆಗೆದು ಹೊಸದು ಕೂರಿಸಿ, ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿದೆ. ಆಮೇಲೆ ಒಂದು ಹನಿಯೂ ಬೀಳಲಿಲ್ಲ. "ನೋಡಿದ್ರಾ, ಅವ್ರು ಹೋದ್ಮೇಲೆ ಸೋರೋದೇ ನಿಂತೋಯ್ತು" ಅಂತ ರುದ್ರಪ್ಪನವರು ಬೀದಿಯವರಿಗೆಲ್ಲ ಹೇಳಿದರು. ನನ್ನ ಸುಳ್ಳು ನಿಜವಾಯಿತು. ನಾನೇ ಅದನ್ನು ನಿಜ ಮಾಡಿದೆ. ಒಳ್ಳೇ ಕೆಲಸಗಾರ ಅಂತ ಕಾಟನ್‌ಪೇಟೆಯ ತಮ್ಮ ಅಂಗಡಿ ಪಕ್ಕದವರಿಗೂ ಅವರು ನನ್ನ ಹೆಸರು ಹೇಳಿದರು. ನಾನು ಇವತ್ತು ಸ್ವಂತ ಮೇಸ್ತ್ರಿ ಆಗಿರುವುದು ಆ ಹೆಸರಿನಿಂದ.

ಮರೆತಿದ್ದೆ ಅಂತ ಹೇಳಲಾರೆ. ಮರೆತ ಹಾಗೆ ಇದ್ದೆ.

ಮೊನ್ನೆ ಹನುಮಂತನಗರದ ತರಕಾರಿ ಅಂಗಡಿಯಲ್ಲಿ ನೀವೇ ನನ್ನ ಗುರುತು ಹಿಡಿದಿರಿ. "ಇಂಜಿನಿಯರ್ರು ಮೀಸೆ ಬಿಟ್ಬಿಟ್ಟಿದಾರಪ್ಪಾ! ಮದ್ವೆ ಆಯ್ತೇನೋ?" ಅಂತ ಮೊದಲಿನ ಹಾಗೇ ರೇಗಿಸಿದಿರಿ. ಆಮೇಲೆ ಈಗಿನ ಮನೆಯ ಬಚ್ಚಲಿನ ಕಷ್ಟ ಹೇಳಿದಿರಿ — ಟೈಲ್ಸ್ ಸಂದು ಕಪ್ಪಾಗಿದೆ, ಶವರ್ ಕೆಳಗಿನ ಮೂಲೆಯಲ್ಲಿ ನೀರು ನಿಲ್ಲುತ್ತದೆ. ನಂತರ ದನಿ ತಗ್ಗಿಸಿದಿರಿ.

"ಅವತ್ತಿಂದ ನಮ್ದು ಒಂದೊಂದೇ ಬಕೆಟ್ಟಲ್ಲಿ ಸ್ನಾನ ಕಣಪ್ಪ. ಸುಧಾಗೆ ಮತ್ತೆ ತಿಂಗಳು ತುಂಬ್ತಾ ಇದೆ. ಈ ಸಲ ಬಾಣಂತನ ಇಲ್ಲಿ ಬೇಡ ಅಂದ್ಬಿಟ್ಟಿದೀನಿ. ಬಾಣಂತಿ ನೀರು ಯಾವ ಟೈಲ್ಸು ತಡಿಯುತ್ತೆ ಹೇಳು. ಕೆಳಗಿನವ್ರಿಗೆ ಯಾಕೆ ತೊಂದ್ರೆ? ಅತ್ತೆ ಮನೇಲೇ ಇರ್ಲಿ. ಅವಳು ಫೋನಲ್ಲಿ ಅಳ್ತಾಳೆ, ಏನ್ ಮಾಡ್ಲಿ?"

ನಾನು ನಿಮ್ಮ ಮನೆ ಬಿಡಿಸಿದ್ದಷ್ಟೇ ಅಂದುಕೊಂಡಿದ್ದೆ. ಇಷ್ಟು ವರ್ಷ ನೀವು ನಿಮ್ಮದೇ ಬಚ್ಚಲಲ್ಲಿ ಹೆದರಿಕೊಂಡು ನೀರು ಹಾಕಿಕೊಳ್ಳುತ್ತಿದ್ದೀರಿ ಅಂತ — ಹೆತ್ತ ಮಗಳಿಗೆ ಬರಬೇಡ ಅನ್ನುವವರೆಗೆ ಅದು ಹೋಗಿದೆ ಅಂತ — ನನಗೆ ತಿಳಿದಿರಲಿಲ್ಲ. ಆಗಲೂ ಬಾಯಿ ಬಿಡಲಿಲ್ಲ. "ಭಾನುವಾರ ಬಂದು ನೋಡ್ತೀನಮ್ಮ" ಅಂತ ಹೊರಟುಬಿಟ್ಟೆ.

ನಿನ್ನೆ ರುದ್ರಪ್ಪನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಉಳಿ ಜಾರಿದ್ದು, ಮೆತ್ತಿದ್ದು, ಆಮೇಲೆ ಕದ್ದು ಸರಿ ಮಾಡಿದ್ದು. ಅವರಿಗೆ ವಯಸ್ಸಾಗಿದೆ, ಆದರೂ ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. "ಬಾಣಂತೀನ ಆಚೆ ಕಳ್ಸಿದ್ದು ನಾನು ಕಣೋ, ನೀನಲ್ಲ. ನಿನ್ ಮಾತು ಕೇಳಿದ್ದು ನನ್ ಬುದ್ಧಿ. ನಿನ್ ಹೆಸ್ರು ಇನ್ಮೇಲೆ ನಾನು ಯಾರಿಗೂ ಹೇಳಲ್ಲ, ಅದು ಬೇರೆ" ಅಂದರು. ನಾನು ಎದ್ದಾಗ ತಡೆದು, "ಭಾನುವಾರ ಕಮಲಮ್ಮನ ಮನೆಗೆ ಹೋಗ್ತೀಯಾ? ನಾನೂ ಬರ್ತೀನಿ" ಅಂದರು.

ಬೀದಿಯಲ್ಲಿ ನಿಮ್ಮ ಬಗ್ಗೆ ಆಡಿದ್ದ ಮಾತನ್ನು ಅವರು ಆಗಲೇ ವಾಪಸ್ ತೆಗೆದುಕೊಳ್ಳಲು ಶುರುಮಾಡಿದ್ದಾರೆ. ಇವತ್ತು ಬೆಳಿಗ್ಗೆ ಅವರ ಪಕ್ಕದ ಮನೆಯವರೊಬ್ಬರು ನನ್ನನ್ನು ನಿಲ್ಲಿಸಿಕೊಂಡು, "ಕಮಲಮ್ಮಂಗೆ ಎಂಥ ಕೆಲ್ಸ ಮಾಡಿದ್ಯಲ್ಲೋ, ಥೂ" ಅಂದರು. ಕೇಳಿ ನೋವಾಯಿತು, ಸಮಾಧಾನವೂ ಆಯಿತು. ತಪ್ಪು ಕೊನೆಗೂ ಅದರ ಮನೆಗೆ ಬಂತು.

ನೀವು ಹೇಳಿದ್ದು ಕೇಳಿದರೆ, ನಿಮ್ಮ ಈಗಿನ ಬಚ್ಚಲಿಗೆ ಏನೂ ದೊಡ್ಡ ರೋಗವಿಲ್ಲ. ಸಂದು ಕೆರೆದು ಹೊಸದಾಗಿ ತುಂಬಬೇಕು. ಮೂಲೆಯ ನಾಲ್ಕು ಟೈಲ್ಸ್ ಎಬ್ಬಿಸಿ ಜಾಲಿಯ ಕಡೆಗೆ ಇಳಿಜಾರು ಕೊಡಬೇಕು. ಎಲ್ಲ ಮನೆಗಳಲ್ಲೂ ಆಗುವುದೇ. ಮಾಡುವುದು ನಾನೇ ಆಗಬೇಕಿಲ್ಲ. ನನ್ನ ಕೈ ಬೇಡ ಅಂದರೆ ಬೇರೆಯವರನ್ನು ಕಳಿಸುತ್ತೇನೆ. ಸರಿಯಾಗಿ ಹಾಕಿದ ಟೈಲ್ಸ್ ಎಷ್ಟು ಬಾಣಂತಿಯರ ನೀರನ್ನಾದರೂ ತಡೆಯುತ್ತದೆ. ಇದನ್ನು ಅವತ್ತೇ ಹೇಳಬೇಕಿತ್ತು.

ಕ್ಷಮೆ ಕೇಳುವ ಯೋಗ್ಯತೆ — ಅದು ಬಿಡಿ. ಭಾನುವಾರ ಬಂದಾಗ ಎಷ್ಟು ಬೇಕೋ ಅಷ್ಟು ಬೈಯಿರಿ, ನಿಂತು ಕೇಳುತ್ತೇನೆ. ಆದರೆ ಅಲ್ಲಿಯವರೆಗೆ ಕಾಯಬೇಡಿ ಅಮ್ಮ. ಇದನ್ನು ಓದಿ ಕೆಳಗಿಟ್ಟ ತಕ್ಷಣ ಸುಧಕ್ಕನಿಗೆ ಫೋನ್ ಮಾಡಿ, ಬಾಣಂತನಕ್ಕೆ ಮನೆಗೆ ಬಾ ಅಂತ ಹೇಳಿ.