ಮೀನಿನ ಹೊಟ್ಟೆ ನೋಡುತ್ತಿದ್ದ ನಂಜುಂಡಣ್ಣ

ನಂಜುಂಡಣ್ಣನೆಂದರೆ ನನಗೆ ಮೊದಲು ನೆನಪಾಗುವುದು ಎರಡು ಬಾಯಿಗಳು. ಗಾಜಿನ ಆಚೆ ಮೀನಿನದು, ಈಚೆ ಅವರದು. ಎರಡೂ ತೆರೆಯುತ್ತವೆ, ಮುಚ್ಚುತ್ತವೆ, ಸದ್ದು ಮಾತ್ರ ಇಲ್ಲ. ಆಗ ಅವರು ಕುಕ್ಕುರುಗಾಲಿನಲ್ಲಿ ಕೂತಿದ್ದರೋ ಸ್ಟೂಲಿನ ಮೇಲಿದ್ದರೋ, ಮೀನು ಕಪ್ಪೋ ಕೆಂಪೋ, ಖಚಿತವಾಗಿ ಹೇಳಲಾರೆ. ಮುಂದೆ ಬರೆಯುವುದರಲ್ಲೂ ಕೆಲವು ವಿವರಗಳು ತಪ್ಪಿರಬಹುದು. ಇತಿಹಾಸ ಓದಿದವಳು ನಾನು, ದೇವನಹಳ್ಳಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ. ಒಂದೇ ಸಾಕ್ಷಿಯನ್ನು ನೆಚ್ಚಿಕೊಳ್ಳಬೇಡಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಇಲ್ಲಿ ಇರುವ ಸಾಕ್ಷಿ ನಾನೊಬ್ಬಳೇ. ದಿನಚರಿ ಇದೆ, ನಿಜ. ಆದರೆ ಅದನ್ನು ಬರೆದವಳೂ ನಾನೇ.

ಸದ್ದಿಲ್ಲದ ಆ ಮಾತು ಅವರಿಗೆ ಮಗ್ಗದ ಶೆಡ್ಡಿನಿಂದ ಬಂದದ್ದು. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮಿನ ನಡುವೆ ಬೆಳೆದವರು ಎರಡು ಬಗೆಯಲ್ಲಿ ಮಾತಾಡುತ್ತಾರೆ. ಹೊರಗೆ ಎಲ್ಲರೊಂದಿಗೂ ಗಟ್ಟಿಯಾಗಿ, ಶೆಡ್ಡಿನೊಳಗೆ ಬರೀ ತುಟಿಯಲ್ಲಿ. ಹತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಕೂಗಿ ಪ್ರಯೋಜನವಿಲ್ಲ. ನಂಜುಂಡಣ್ಣ ಬೀದಿಯಲ್ಲಿ ನಿಂತು ಕಾಫಿ ಕುಡಿಯೋಣವೆಂದರೆ ಪಕ್ಕದ ಬೀದಿಯವರೂ ಎದ್ದು ಬರಬೇಕು, ಅಷ್ಟು ಗಟ್ಟಿ. ಮೀನಿನ ಮುಂದೆ ಮಾತ್ರ ತುಟಿಯಷ್ಟೇ ಆಡುತ್ತಿತ್ತು. "ಅದ್ರ ಕಿವಿ ನೋಯಿಸ್ಬಾರ್ದು ಕಣವ್ವ, ಮೊದಲೇ ಕಾಯಿಲೆ ಬಿದ್ದೈತೆ," ಎಂದು ನನ್ನ ಕಿವಿ ಗುಂಯ್ಗುಡುವಂತೆ ಹೇಳುತ್ತಿದ್ದರು.

ಅವರ ಕೆಲಸ ಕೆಚ್ಚುವುದು. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಬೆರಳು ಜಾರದಿರಲೆಂದು ಬೂದಿ ಹಚ್ಚಿಕೊಳ್ಳುತ್ತಾರೆ. ನಂಜುಂಡಣ್ಣನ ಹೆಬ್ಬೆರಳು, ತೋರುಬೆರಳು ಸದಾ ಬೆಳ್ಳಗಿರುತ್ತಿದ್ದವು. ಬಲಗೈಯೋ ಎಡಗೈಯೋ ಮರೆತಿದ್ದೇನೆ. ತಮ್ಮ ಕೆಲಸದ ಬಗ್ಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಹಳೇದು ಎಲ್ಲಿ ಮುಗೀತು, ಹೊಸದು ಎಲ್ಲಿ ಶುರುವಾಯ್ತು, ಮಗ್ಗಕ್ಕೂ ಗೊತ್ತಾಗ್ಬಾರ್ದು. ಅದು ಕೆಚ್ಚೋದು ಅಂದ್ರೆ."

ಮೀನಿನ ವೈದ್ಯ ಹೇಗಾದರೆಂದು ಕೇಳಿದಾಗ ಒಂದೊಂದು ಸಲ ಒಂದೊಂದು ಕಥೆ ಹೇಳಿದ್ದಾರೆ. ಹಾಗಾಗಿ ಯಾವುದನ್ನೂ ಬರೆಯುವುದಿಲ್ಲ. ನಾನು ಕಂಡಾಗ ಅವರ ಮನೆಯ ನಡುಮನೆಯಲ್ಲಿ ಗೋಡೆಗುಂಟ ಏಳೆಂಟು ಗಾಜಿನ ತೊಟ್ಟಿಗಳಿದ್ದವು, ಹಿತ್ತಲಿನಲ್ಲಿ ಒಂದು ದೊಡ್ಡ ಸಿಮೆಂಟ್ ತೊಟ್ಟಿ. ಬೋರ್ಡಿರಲಿಲ್ಲ. ಜನ ಹೇಗೋ ತಿಳಿದು ಬರುತ್ತಿದ್ದರು.

ಅಮ್ಮನನ್ನು ನೋಡಲು ಊರಿಗೆ ಬಂದಿದ್ದ ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲಿದ್ದಾಗ ಬಾಶೆಟ್ಟಿಹಳ್ಳಿಯ ಕಾರ್ಖಾನೆಯ ನೌಕರರೊಬ್ಬರು ಶಿಫ್ಟ್ ಮುಗಿಸಿ, ಯೂನಿಫಾರಂನಲ್ಲೇ ಮೀನು ಹಿಡಿದುಕೊಂಡು ಬಂದರು. ಮೀನಿದ್ದದ್ದು ಟಿಫನ್ ಡಬ್ಬಿಯಲ್ಲಿ. ಹೊಟ್ಟೆ ಗೋಲಿಯಂತೆ ಉಬ್ಬಿ, ಒಂದು ಮಗ್ಗುಲಿಗೆ ವಾಲಿ ತೇಲುತ್ತಿತ್ತು.

"ಏನ್ ಹಾಕಿದ್ರಿ ಇದಕ್ಕೆ?"

"ಕಾಳು ಸಾರ್. ಅಂಗಡಿಯವ್ರು ಕೊಟ್ಟಿದ್ದು."

"ಆಮೇಲೆ?"

"ಅಷ್ಟೇ ಸಾರ್."

"ಆಮೇಲೆ?"

ಆತ ನೆಲ ನೋಡಿದರು. "ಒಂಚೂರು ಮೊಸರನ್ನ. ಮನೇಲಿ ಹಬ್ಬ ಇತ್ತು. ಒಂದ್ ಚಿಟಿಕೆ ಒಬ್ಬಟ್ಟಿನ ಹೂರಣ."

"ಇದೇನು ನಿಮ್ ಭಾಮೈದನೇನ್ರೀ, ಎಲೆ ಹಾಕಿ ಬಡಿಸೋಕೆ?"

ಬೀದಿಯೆಲ್ಲ ಕೇಳಿಸಿಕೊಂಡಿತು. ಆಮೇಲೆ ನಂಜುಂಡಣ್ಣ ಮೀನನ್ನು ಬಿಳಿ ಬೋಗುಣಿಗೆ ಹಾಕಿ, ಎದ್ದು ನಿಂತು, ಬೆನ್ನು ಬಾಗಿಸಿ ಮೇಲಿನಿಂದ ನೋಡಿದರು. ಅವರ ವೈದ್ಯವೆಲ್ಲ ಆ ಒಂದು ನೋಟದಲ್ಲಿತ್ತು. ಪಕ್ಕದಿಂದ ನೋಡಿದರೆ ಹೊಟ್ಟೆಯಷ್ಟೇ ಕಾಣುತ್ತದೆ. ಮೇಲಿನಿಂದ ನೋಡಿದರೆ ಚಿಪ್ಪು ಕಾಣುತ್ತದೆ. ಚಿಪ್ಪು ಮೈಗೆ ಅಂಟಿಕೊಂಡು ನುಣ್ಣಗಿದ್ದರೆ ಅಜೀರ್ಣ, ಮಲಬದ್ಧತೆ, ಸುಧಾರಿಸುತ್ತದೆ. ಚಿಪ್ಪುಗಳು ಹಲಸಿನಕಾಯಿಯ ಮುಳ್ಳಿನಂತೆ ಎದ್ದು ನಿಂತಿದ್ದರೆ ಒಳಗೆ ನೀರು ತುಂಬಿದೆ, ಮೂತ್ರಪಿಂಡ ಕೈಬಿಟ್ಟಿದೆ ಎಂದರ್ಥ. ಅದನ್ನು ಅವರು ಮೀನು ತಂದವರಿಗೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಬಿಟ್ಟು ಹೋಗಿ, ನೋಡಣ," ಎನ್ನುತ್ತಿದ್ದರು.

ಆ ದಿನದ ಮೀನಿನದು ಅಜೀರ್ಣ. ಮೂರು ದಿನ ಉಪವಾಸ. ಆಮೇಲೆ ಬೇಯಿಸಿದ ಬಟಾಣಿ, ಸಿಪ್ಪೆ ತೆಗೆದು, ಸಾಸಿವೆಯಷ್ಟು ಮಾಡಿ. ಬೇರೆ ಪಾತ್ರೆಯಲ್ಲಿ ಭೇದಿ ಉಪ್ಪು ಕರಗಿಸಿದ ನೀರಿನಲ್ಲಿ ದಿನಕ್ಕೆ ಕಾಲು ಗಂಟೆ ಸ್ನಾನ. "ಭೇದಿ ಉಪ್ಪು, ಮೆಡಿಕಲ್ಸಲ್ಲಿ ಸಿಗತ್ತೆ. ಅಡಿಗೆ ಉಪ್ಪು ಹಾಕ್ಬಿಟ್ಟೀರ ಮತ್ತೆ, ಸಾರು ಮಾಡ್ತಿಲ್ಲ ನೀವು. ನೀರು ನಲ್ಲೀಲಿ ಹಿಡಿದ ತಕ್ಷಣ ಸುರೀಬೇಡಿ, ಒಂದ್ ದಿನ ಮಲಗ್ಲಿ ಅದು. ಇನ್ಮೇಲೆ ವಾರಕ್ಕೊಂದ್ ದಿನ, ಸೋಮವಾರ, ಒಪ್ಪೊತ್ತಲ್ಲ, ಪೂರ್ತಿ ಉಪವಾಸ. ನಾನೂ ಮಾಡ್ತೀನಿ, ಅದೂ ಮಾಡ್ಲಿ."

ಈಗ ನನ್ನ ಮೀನಿನ ವಿಷಯ. ಇಷ್ಟು ಹೊತ್ತು ಅದನ್ನು ಮುಂದೂಡುತ್ತಿದ್ದೆನೆಂದು ಕಾಣುತ್ತದೆ.

ಅಮ್ಮ ದೊಡ್ಡಬಳ್ಳಾಪುರದಲ್ಲೇ ಸರ್ಕಾರಿ ಶಾಲೆಯ ಟೀಚರಾಗಿದ್ದವಳು. ನಿವೃತ್ತಳಾದ ಮೇಲೆ ಒಂದು ಗೋಲ್ಡ್‌ಫಿಶ್ ಸಾಕಿದ್ದಳು. ಕಿತ್ತಳೆ ಮೈ, ಬಿಳಿ ಬಾಲ, ಹುಟ್ಟಿನಿಂದಲೇ ಡೊಳ್ಳು ಹೊಟ್ಟೆ. ತೊಟ್ಟಿಯ ಉದ್ದಕ್ಕೂ ತಪಾಸಣೆ ಮಾಡಿಕೊಂಡು ತಿರುಗುವುದನ್ನು ನೋಡಿ ಅದಕ್ಕೆ ಹೆಡ್‌ಮಾಸ್ಟ್ರು ಎಂದು ಹೆಸರಿಟ್ಟಿದ್ದಳು. ಬೆರಳಿನ ಉಂಗುರದಿಂದ ಗಾಜಿಗೆ ಮೆಲ್ಲಗೆ ಎರಡು ಸಲ ತಟ್ಟಿದರೆ ಅದು ಬಲ ಮೂಲೆಗೆ ಬಂದು ನಿಲ್ಲುತ್ತಿತ್ತು. "ಬೆಲ್ ಹೊಡೆದ್ರೆ ಸಾಕು, ಬರ್ತಾರೆ ಸಾಹೇಬ್ರು," ಎನ್ನುತ್ತಿದ್ದಳು.

ಅಮ್ಮ ತೀರಿಕೊಂಡ ಮೇಲೆ ತೊಟ್ಟಿಯನ್ನು ದೇವನಹಳ್ಳಿಯ ನನ್ನ ಬಾಡಿಗೆ ಮನೆಗೆ ತಂದೆ. ನನ್ನ ಮನೆಯಲ್ಲಿ ನನ್ನನ್ನು ಬಿಟ್ಟರೆ ಉಸಿರಾಡುವುದು ಅದೊಂದೇ. ಕಾಲೇಜಿನಿಂದ ಬಂದು ಬೀಗ ತೆಗೆದಾಗ ಪಂಪಿನ ಗುಳುಗುಳು ಕೇಳಿದರೆ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಅಮ್ಮನ ನೆನಪಾದಾಗಲೆಲ್ಲ ಒಂದು ಚಿಟಿಕೆ ಕಾಳು ಹಾಕುತ್ತಿದ್ದೆ. ಹಾಕಿದ್ದನ್ನೆಲ್ಲ ಅದು ತಿನ್ನುತ್ತಿತ್ತು. ಮೊದಲೇ ಡೊಳ್ಳು ಹೊಟ್ಟೆಯಾದ್ದರಿಂದ ಉಬ್ಬಿದ್ದು ನನಗೆ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ತಲೆ ಕೆಳಗಾಗಿ ತೇಲುತ್ತಿತ್ತು.

ಬಕೆಟ್ಟಿನಲ್ಲಿ ಹಾಕಿಕೊಂಡು ಆಟೋದಲ್ಲಿ ದೊಡ್ಡಬಳ್ಳಾಪುರದವರೆಗೂ ಹೋದೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಅಲ್ಲಿ ನಂಜುಂಡಣ್ಣನ ಮನೆಯಿಂದ ಎರಡು ಬೀದಿ ಆಚೆ ಇದ್ದಾಳೆ. ಅವಳೂ ಜೊತೆಗೆ ಬಂದಳು.

"ದಿನಕ್ಕೆ ಎಷ್ಟ್ ಸಲ ಹಾಕ್ತೀಯವ್ವ?" ನಂಜುಂಡಣ್ಣ ಕೇಳಿದರು.

"ಎರಡು ಸಲ," ಎಂದೆ.

ಅವರು ಮೀನನ್ನು ಬಕೆಟ್ಟಿನಿಂದ ಬಿಳಿ ಬೋಗುಣಿಗೆ ಹಾಕಿದರು. "ಎರಡು ಸಲ ತಿಂದಿರೋ ಹೊಟ್ಟೆ ಅಲ್ಲ ಇದು." ಬೈಯುತ್ತಾರೆಂದು ಕಾದೆ. ಭಾಮೈದನ ಮಾತು ಬರಲಿಲ್ಲ. "ಟೀಚರಮ್ಮ ಹೋಗಿ ಎಷ್ಟಾಯ್ತು?" ಎಂದು ಕೇಳಿದರು, ಮೆಲ್ಲಗೆ. ಅವರು ಮನುಷ್ಯರ ಜೊತೆ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಐದು ತಿಂಗಳು."

ಬೋಗುಣಿಗೆ ಬಾಗಿ ನೋಡಿದರು. ನಾನೂ ಬಾಗಲು ಹೋದೆ. ಬೂದಿ ಹತ್ತಿದ ಕೈ ಅಡ್ಡ ಬಂತು. "ನೀನ್ ನೋಡ್ಬೇಡ. ಬಿಟ್ಟು ಹೋಗು."

ನಾನು ಚಿಪ್ಪುಗಳನ್ನು ಕಂಡೆನೇ? ಕೆಲವು ದಿನ ಕಂಡೆ ಅನ್ನಿಸುತ್ತದೆ, ಮುಳ್ಳೆದ್ದು ನಿಂತಿದ್ದವು ಅನ್ನಿಸುತ್ತದೆ. ಬಾಶೆಟ್ಟಿಹಳ್ಳಿಯವರ ಮೀನಿನ ದಿನ ಕೇಳಿದ ಹಲಸಿನಕಾಯಿಯನ್ನು ಮನಸ್ಸು ಇಲ್ಲಿಗೆ ತಂದು ಜೋಡಿಸಿರಲೂಬಹುದು. ಆ ದಿನದ ದಿನಚರಿಯಲ್ಲಿ ಇರುವುದು ಇಷ್ಟೇ: "ಹೆ.ಮಾ. ಅಡ್ಮಿಟ್. ಬರುವಾಗ ಬಸ್ಸಿನಲ್ಲಿ ಖಾಲಿ ಬಕೆಟ್ ಹಿಡಿದುಕೊಂಡು ಕೂತಿದ್ದೆ. ಕಂಡಕ್ಟರ್ ಏನು ಮಾರೋಕೆ ಹೋಗಿದ್ರಿ ಎಂದು ಕೇಳಿದ."

ಮುಂದಿನ ವಾರ ವಿದ್ಯಾರ್ಥಿಗಳನ್ನು ಪ್ರವಾಸಕ್ಕೆಂದು ಆವತಿಗೆ ಕರೆದುಕೊಂಡು ಹೋಗಬೇಕಿತ್ತು, ಬೆನ್ನಿಗೇ ಪರೀಕ್ಷೆಯ ಕೆಲಸ. ಹೋಗಲಾಗಲಿಲ್ಲ. ಹನ್ನೆರಡು ದಿನದ ಮೇಲೆ ಚಿಕ್ಕಮ್ಮನೇ ಸ್ಟೀಲ್ ಡಬ್ಬಿಗೆ ತೆಳು ಬಟ್ಟೆ ಕಟ್ಟಿಕೊಂಡು ಬಸ್ಸಿನಲ್ಲಿ ತಂದಳು. ಹೆಡ್‌ಮಾಸ್ಟ್ರು ಹಗುರವಾಗಿ, ನೆಟ್ಟಗೆ ಈಜುತ್ತಿದ್ದರು. ಕಿತ್ತಳೆ ಮೈ, ಬಿಳಿ ಬಾಲ. ನಾನು ಅಡುಗೆಮನೆಗೆ ಹೋಗಿ ಅತ್ತೆ. ಚಿಕ್ಕಮ್ಮ ಹೊರಗಿನಿಂದಲೇ, "ಇನ್ಮೇಲೆ ಕಮ್ಮಿ ಹಾಕ್ಬೇಕಂತೆ ಕಣೇ," ಎಂದಳು.

ಒಂದೇ ಒಂದು ವ್ಯತ್ಯಾಸ. ಗಾಜಿಗೆ ತಟ್ಟಿದರೆ ಅದು ಬರಲಿಲ್ಲ. ಅಮ್ಮನ ಉಂಗುರವನ್ನೇ ಹಾಕಿಕೊಂಡು ತಟ್ಟಿದೆ. ಬೆಚ್ಚಿ, ತೊಟ್ಟಿಯೊಳಗಿನ ಗಿಡದ ಹಿಂದೆ ಸರಿಯಿತು.

ಪರೀಕ್ಷೆ ಮುಗಿದ ಮೇಲೆ ಕೃತಜ್ಞತೆ ಹೇಳಲು ಹೋದೆ. ಅದೇ ಕೊನೆಯ ಭೇಟಿ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಥವಾ ನನಗೆ ಗೊತ್ತಿರಲಿಲ್ಲ. ಅವರು ತುಂಬ ಸೊರಗಿದ್ದರು. ನಡುಮನೆಯಲ್ಲಿ ಮೂರು ತೊಟ್ಟಿಗಳು ಖಾಲಿಯಾಗಿದ್ದವು.

"ಹೆಡ್‌ಮಾಸ್ಟ್ರು ಹೆಂಗವ್ರೆ?"

"ಚೆನ್ನಾಗಿದ್ದಾರೆ ನಂಜುಂಡಣ್ಣ. ಆದ್ರೆ ತಟ್ಟಿದ್ರೆ ಬರಲ್ಲ. ಅಮ್ಮ ಕಲಿಸಿದ್ದೆಲ್ಲ ಮರೆತ ಹಾಗಿದೆ."

ಅವರು ಬೆರಳುಗಳ ಬೂದಿಯನ್ನು ಪಂಚೆಗೆ ಒರೆಸಿಕೊಂಡರು. ಎಷ್ಟು ಒರೆಸಿದರೂ ಹೋಗುವ ಬೂದಿಯಲ್ಲ ಅದು. "ಅಷ್ಟ್ ದೊಡ್ ಕಾಯಿಲೆ ಬಿದ್ದೆದ್ರೆ ಎಷ್ಟೋ ಮರ್ತೋಯ್ತದೆ. ಹೊಸ್ದಾಗಿ ಕಲ್ಸು. ನಿಮ್ಮಮ್ಮನ್ ಹಂಗೆ ಅಲ್ಲ, ನಿನ್ ಹಂಗೆ ಕಲ್ಸು. ಕಲೀತದೆ."

ಎರಡು ತಿಂಗಳು ಹಿಡಿಯಿತು. ಬೆಳಿಗ್ಗೆ ಕಾಳು ಹಾಕುವ ಮೊದಲು ಪ್ರತಿದಿನ ಎರಡು ಸಲ ತಟ್ಟುತ್ತಿದ್ದೆ. ಒಂದು ದಿನ ಬಂತು. ಎಡ ಮೂಲೆಗೆ.

ಇದನ್ನು ಹೇಳಬೇಕೆಂದು ಫೋನ್ ಮಾಡೋಣ ಎಂದುಕೊಂಡೇ ಇದ್ದೆ. ಒಂದು ದಿನ ಚಿಕ್ಕಮ್ಮ ಫೋನಿನಲ್ಲಿ ಬೇರೇನೋ ಹೇಳುತ್ತ, "ನಂಜುಂಡಣ್ಣ ಹೋಗ್ಬಿಟ್ರಲ್ಲ, ನಿಂಗೆ ಹೇಳ್ಲಿಲ್ವಾ ನಾನು?" ಎಂದಳು. ಆಗಲೇ ತಿಂಗಳಾಗಿತ್ತು.

ಅವರ ಹೆಂಡತಿ ಸರೋಜಮ್ಮನನ್ನು ಮಾತಾಡಿಸಲು ಹೋದದ್ದು ಕಳೆದ ಭಾನುವಾರ. ಗಾಜಿನ ತೊಟ್ಟಿಗಳಲ್ಲಿ ನೀರಿರಲಿಲ್ಲ. ಒಂದರಲ್ಲಿ ಬಣ್ಣಬಣ್ಣದ ರೇಷ್ಮೆ ನೂಲು ಸುತ್ತಿದ ಕಂಡಿಕೆಗಳನ್ನು ತುಂಬಿಟ್ಟಿದ್ದರು. ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಮಾತ್ರ ಇನ್ನೂ ಮೀನುಗಳಿದ್ದವು. ಕಿತ್ತಳೆ, ಬಿಳಿ, ಕಪ್ಪು, ಎರಡು ಬಣ್ಣ ಬೆರೆತವು.

"ಇವೆಲ್ಲ ಯಾರದು?" ಎಂದೆ.

"ಯಾರ್ದೂ ಅಲ್ಲಮ್ಮ, ಇವ್ರೇ ಸಾಕಿದ್ದು. ಎಲ್ಲಾ ಬಣ್ಣದ್ದೂ, ಎಲ್ಲಾ ಅಳತೇದೂ ಇರ್ಬೇಕು ಅನ್ನೋರು." ಸರೋಜಮ್ಮ ನಕ್ಕರು. "ತಂದ್ಬಿಟ್ಟವ್ರದು ಉಳೀಲಿಲ್ಲ ಅಂದ್ರೆ ಇದ್ರಲ್ಲಿ ಒಂದನ್ನ ಹುಡ್ಕಿ ಕೊಟ್ ಕಳ್ಸೋರು. ವಾಸಿ ಆಯ್ತು ತಗೊಳ್ಳಿ ಅಂತ. ನಾನು ಬೈದಿದೀನಿ, ಇದು ಸುಳ್ಳಲ್ವಾ ಅಂತ. ಸುಳ್ಳೇನ್ ಬಂತು, ಮನೇಲಿ ಮೀನಿರ್ಬೇಕು, ಇರ್ತದೆ, ಅನ್ನೋರು. ಹೋದವನ್ನ ಅಕೋ, ಆ ದಾಳಿಂಬೆ ಬುಡದಲ್ಲಿ ಹೂಳೋರು."

ದಾಳಿಂಬೆ ಗಿಡ ಚೆನ್ನಾಗಿ ಬೆಳೆದಿತ್ತು.

"ನಮ್ಮದು?" ಎಂದೆ. ಸರೋಜಮ್ಮನಿಗೆ ಆಗ ಹೊಳೆದಿರಬೇಕು. ಮುಖದ ನಗು ಹೋಯಿತು.

"ನಾನ್ ಕಾಣೆನಮ್ಮ. ನಿಮ್ಮ ಚಿಕ್ಕಮ್ಮನೇ ಬಂದು ತಗೊಂಡೋದ್ರಲ್ಲ. ಅವತ್ತು ಇಬ್ರೂ ಇಲ್ಲೇ ಈ ತೊಟ್ಟಿ ಹತ್ರ ತುಂಬಾ ಹೊತ್ತು ನಿಂತಿದ್ರು. ನಾನು ಒಳ್ಗೆ ಕಾಫಿ ಕಾಯಿಸ್ತಿದ್ದೆ."

ಅಮ್ಮನ ಫೋನಿನಲ್ಲಿ ಹೆಡ್‌ಮಾಸ್ಟ್ರ ಫೋಟೊ ಇರುವುದು ಒಂದೇ. ಟ್ಯೂಬ್‌ಲೈಟಿನ ಬೆಳಕು ಗಾಜಿಗೆ ಬಿದ್ದು ಮೀನಿನ ಅರ್ಧ ಮೈ ಅಳಿಸಿಹೋಗಿದೆ. ಗಾಜಿನಲ್ಲಿ ಅಮ್ಮನ ಕೈ ಮತ್ತು ಉಂಗುರ ಮಾತ್ರ ಸ್ಪಷ್ಟವಾಗಿ ಕಾಣುತ್ತವೆ. ಎಷ್ಟು ದೊಡ್ಡದು ಮಾಡಿ ನೋಡಿದರೂ ಅಷ್ಟೇ.

ಸರೋಜಮ್ಮನ ಮನೆಯಿಂದ ನೇರ ಚಿಕ್ಕಮ್ಮನ ಮನೆಗೆ ನಡೆದೆ. ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಕೂತು ಒಂದು ಹಿಡಿ ಬಿಡಿಸಿದೆ. ಆಮೇಲೆ ಕೇಳಿದೆ. ಅವಳ ಕೈ ನಿಲ್ಲಲಿಲ್ಲ. ಇನ್ನೂ ನಾಲ್ಕೈದು ಕಾಯಿ ಬಿಡಿಸಿದಳು. ಆಮೇಲೆ ಮೊರ ಎತ್ತಿಕೊಂಡು, "ಸೊನೆ ಚೆನ್ನಾಗೈತೆ ಈ ಸಲ, ಸಾರಿಗೆ ಹಾಕ್ತೀನಿ, ಉಂಡ್ಕೊಂಡು ಹೋಗು," ಎಂದು ಒಳಗೆ ಹೋದಳು. ಉಂಡೆವು. ಬಸ್ ಸ್ಟ್ಯಾಂಡಿನವರೆಗೂ ಬಂದು, ನಾನು ಹತ್ತಿದ ಬಸ್ಸು ತಿರುಗುವವರೆಗೂ ನಿಂತಿದ್ದಳು.

ಇವತ್ತು ಬೆಳಿಗ್ಗೆ ತಟ್ಟಿದಾಗ ಹೆಡ್‌ಮಾಸ್ಟ್ರು ಎಡ ಮೂಲೆಗೆ ಬಂದರು. ಬಾಯಿ ತೆರೆದರು, ಮುಚ್ಚಿದರು. ಸೋಮವಾರವಾದ್ದರಿಂದ ಏನೂ ಹಾಕಲಿಲ್ಲ. ಸ್ಟೂಲಿನ ಮೇಲೆ ಹತ್ತಿ ಮೇಲಿನಿಂದ ನೋಡಿದೆ. ಚಿಪ್ಪು ನುಣ್ಣಗಿದೆ, ಹೊಳೆಯುತ್ತಿದೆ. ಅಷ್ಟು ಬಿಟ್ಟರೆ ಮೇಲಿನಿಂದ ಬೇರೇನೂ ತಿಳಿಯುವುದಿಲ್ಲ.

ಚಿಕ್ಕಮ್ಮನನ್ನು ನಾನು ಕೇಳಿದ್ದು ಇಷ್ಟೇ: "ನೀನು ಅವತ್ತು ಡಬ್ಬೀಲಿ ತಂದಿದ್ದು ಅಮ್ಮನ ಮೀನೇ ತಾನೇ ಚಿಕ್ಕಮ್ಮ?"