ಬಾಣಂತಿಯನ್ನು ಗಾಳಿಗೆ ಕರೆತಂದ ಅತ್ತೆ

ನನ್ನ ಅತ್ತೆಯ ಅಂಗೈ ಸದಾ ತುಪ್ಪದಿಂದ ಹೊಳೆಯುತ್ತಿತ್ತು. ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಅಂಟಿನುಂಡೆ ಕಟ್ಟಲು ಅವರಿಗೇ ಕರೆ ಬರುತ್ತಿತ್ತು. ಆ ಕೈಯಲ್ಲಿ ರೇಷ್ಮೆ ಮುಟ್ಟಿಯಾರೆಂದು, ಸೀರೆ ನೇಯುತ್ತಿದ್ದ ಮಾವ ಅವರನ್ನು ಮಗ್ಗದ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ. "ನಿಮ್ಮ ಸೀರೆ ಉಟ್ಟು ಯಾರಿಗೆ ಶಕ್ತಿ ಬಂದೈತೆ ಹೇಳ್ರಿ?" ಎಂದು ಅತ್ತೆ ಅಡುಗೆಮನೆಯಿಂದಲೇ ಕಾಲೆಳೆಯುತ್ತಿದ್ದರು.

ತಾಯಿಯಿಲ್ಲದ ನನಗೆ ಬಾಣಂತನ ಮಾಡಿದವರು ಅವರೇ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಮುಚ್ಚಿದ ಕಿಟಕಿ. ಮೂರು ತಿಂಗಳು ಹೊಸ್ತಿಲು ದಾಟುವಂತಿಲ್ಲ. ಈ ವಿಷಯದಲ್ಲಿ ಅವರು ಪೊಲೀಸರಿಗಿಂತ ಬಿಗಿ.

ಆದರೆ ಮಗಳು ಹುಟ್ಟಿದಾಗಿನಿಂದ ನನಗೆ ಯಾವುದೂ ಬೇಡವಾಗಿತ್ತು. ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಮಗು ಅತ್ತರೆ ಬೇರೆ ಯಾರದೋ ಮನೆಯ ಮಗು ಅತ್ತಂತೆ ಕೇಳುತ್ತಿತ್ತು. "ರಕ್ತ ಕಮ್ಮಿ ಆಗೈತೆ, ಅದಕ್ಕೇ" ಎಂದರು ನೆರೆಯವರು. ನನ್ನ ಗಂಡ ಚಳ್ಳಕೆರೆಯಿಂದ ಟಾನಿಕ್ಕು, ಶಕ್ತಿಪುಡಿ ತಂದರು. ಅತ್ತೆ ಉಂಡೆಗೆ ಇನ್ನಷ್ಟು ತುಪ್ಪ ಸುರಿದರು. ಉಂಡೆಯ ಡಬ್ಬಿ ಬೇಗ ಖಾಲಿಯಾದಷ್ಟೂ ಅವರಿಗೆ ಖುಷಿ. ನಾನೋ ಉಂಡೆಗಳನ್ನು ತಿನ್ನದೆ, ಮಗು ಮಲಗುವ ಚಾಪೆಯ ಪಕ್ಕದ ಬಟ್ಟೆಗಂಟಿಗೆ ತುರುಕುತ್ತಿದ್ದೆ.

ಒಂದು ಬೆಳಿಗ್ಗೆ ಅತ್ತೆ ಸಾಂಬ್ರಾಣಿ ಹಿಡಿದು ಒಳಗೆ ಬಂದಾಗ, ಆ ಗಂಟಿಗೆ ಮುತ್ತಿದ್ದ ಇರುವೆಗಳು ಮಗುವಿನ ಮೈಮೇಲೂ ಹರಿದಾಡುತ್ತಿದ್ದವು. ಮಗು ಚೀರುತ್ತಿತ್ತು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಅತ್ತೆ ಮಗುವನ್ನು ಎತ್ತಿ, ಮೈ ಒರೆಸಿ, ಆಮೇಲೆ ಗಂಟು ಬಿಚ್ಚಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಯಾಕೆ ಅಮ್ಮಾಯಿ, ಎತ್ಕೊಳ್ಳಲಿಲ್ಲ?"

"ಕೈ ಏಳಲಿಲ್ಲ ಅತ್ತೆ. ಇದನ್ನ ಯಾರಿಗಾದ್ರೂ ಕೊಟ್ಬಿಡ್ರಿ. ನನಗೆ ಬದುಕೋದೇ ಬ್ಯಾಡ ಅನ್ಸ್ತೈತೆ."

ಅತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕೂತರು. "ಇದು ಉಂಡೇಲಿ ಹೋಗೋ ಸುಸ್ತಲ್ಲ" ಎಂದರು. ಜೀವಮಾನವೆಲ್ಲ ಉಂಡೆ ಕಟ್ಟಿದವರ ಬಾಯಲ್ಲಿ ಆ ಮಾತು!

ಅಂದೇ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಕೈ ಹಿಡಿದು ಹೊರಟರು. ಓಣಿಯ ಹೆಂಗಸರು ಅಡ್ಡ ಬಂದರು. "ಏನ್ರೀ ಇದು, ಹಸಿ ಬಾಣಂತೀನ ಗಾಳಿಗೆ ತಂದೀರಿ? ನಮಗೆಲ್ಲ ಬುದ್ಧಿ ಹೇಳೋರು ನೀವೇ!"

"ಗಾಳಿ ತಾಕಿದ್ರೆ ನಾನು ನೋಡ್ಕೊಂತೀನಿ. ಹುಡುಗಿ ಹೋದ್ರೆ ಯಾರು ತಂದ್ಕೊಡ್ತೀರಿ?" ಎಂದವರೇ ಬಸ್ಸು ಹತ್ತಿಸಿದರು.

ಚಳ್ಳಕೆರೆಯ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರು ನಮ್ಮನ್ನು ಮನೋವೈದ್ಯೆಯ ಬಳಿ ಕಳಿಸಿದರು. ಅವರು ನನ್ನನ್ನು ಸಮಾಧಾನದಿಂದ ಮಾತಾಡಿಸಿ, ಇದು ಹೆರಿಗೆಯ ನಂತರ ಕೆಲವರಿಗೆ ಬರುವ ಖಿನ್ನತೆ ಎಂದರು. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆ ಬರೆದರು.

"ನನ್ನ ಉಂಡೆ ನಿಲ್ಲಿಸ್ಬೇಕೇನ್ರೀ?" ಅತ್ತೆ ಅಳುಕುತ್ತ ಕೇಳಿದರು.

"ಕೊಡಿ ಅಮ್ಮ, ಕಬ್ಬಿಣದ ಮಾತ್ರೆಯೂ ಇರಲಿ. ಅವು ಮೈಗೆ. ಮನಸ್ಸಿಗೆ ಈ ಚಿಕಿತ್ಸೆಯೇ ಬೇಕು."

ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಕಿಟಕಿಯಾಚೆ ನೋಡುತ್ತ ಹೇಳಿದರು, "ನಿನ್ನ ಗಂಡನ್ನ ಹೆತ್ತಾಗ ನನಗೂ ಹಿಂಗೇ ಆಗಿತ್ತು. ಮನೆಯೋರು ದೃಷ್ಟಿ ತೆಗೆದು ಸುಮ್ನಾದ್ರು."

ನಾನು ಒಂದೇ ಸಲಕ್ಕೆ ಗುಣವಾಗಲಿಲ್ಲ. ತಿಂಗಳುಗಳೇ ಹಿಡಿದವು. ಅಷ್ಟು ದಿನವೂ ಅತ್ತೆ ನನ್ನನ್ನು ಒಂಟಿಯಾಗಿ ಬಿಡಲಿಲ್ಲ, ಮಗುವನ್ನು ಎತ್ತಿಕೋ ಎಂದು ಒತ್ತಾಯಿಸಲೂ ಇಲ್ಲ. ಮಗಳ ನಗು ಕಂಡು ನಾನೂ ನಕ್ಕ ದಿನ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಆಮೇಲೆ ಯಾವ ಮನೆಗೆ ಹೋದರೂ ಬಾಣಂತಿಯ ಪಕ್ಕ ಕೂತು ಮೊದಲು ಕೇಳುತ್ತಿದ್ದುದು, "ಮನಸ್ಸು ಹೆಂಗೈತೆ ಅಮ್ಮಾಯಿ?"

ಹೋದ ವರ್ಷ ಅತ್ತೆ ತೀರಿಕೊಂಡರು. ಮಗಳು ಓಡಿಬಂದು ನನ್ನ ಕೊರಳು ತಬ್ಬಿ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅಜ್ಜಿಯನ್ನು ಕಳೆದುಕೊಂಡಿದ್ದಳು. ತಾಯಿಯನ್ನು ಕಳೆದುಕೊಳ್ಳದಂತೆ ಆ ಅಜ್ಜಿ ಎಂದೋ ನೋಡಿಕೊಂಡಿದ್ದರು.