ದೊಡ್ಡ ಸಿಸ್ಟರ್ ಅವರ ದ್ರಾಕ್ಷಿ ಭರಣಿ

ನವೆಂಬರ್ ಬಂತೆಂದರೆ ದೊಡ್ಡ ಸಿಸ್ಟರ್ ಅವರ ಬೆರಳುಗಳು ನೇರಳೆಯಾಗುತ್ತಿದ್ದವು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಕಪ್ಪು ದ್ರಾಕ್ಷಿಯ ಬಣ್ಣ ಉಳಿದೇ ಉಳಿಯುತ್ತಿತ್ತು. ಬಿಳಿ ಸೀರೆ, ಬಿಳಿ ಟೋಪಿ, ನೇರಳೆ ಉಗುರು. ಅವರು ನಾಡಿ ಹಿಡಿದರೆ ಬಾಣಂತಿಯರು ಮಗುವನ್ನು ಬಿಟ್ಟು ಆ ಬೆರಳುಗಳನ್ನೇ ನೋಡುತ್ತಿದ್ದರು.

ಕೂಡ್ಲಿಗಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ನಾನು ನರ್ಸ್ ಆಗಿ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಇದ್ದದ್ದು ಇಬ್ಬರೇ ನರ್ಸುಗಳು: ಅವರು ದೊಡ್ಡ ಸಿಸ್ಟರ್, ನಾನು ಸಣ್ಣ ಸಿಸ್ಟರ್. ಅವರು ಬಳ್ಳಾರಿಯ ಕ್ರೈಸ್ತರ ಮನೆಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹೆರಿಗೆ ನೋವಿಗೆ ಹಬ್ಬ ಹುಣ್ಣಿಮೆ ಗೊತ್ತಿಲ್ಲವಲ್ಲ, ಕ್ರಿಸ್ಮಸ್ಸಿಗೂ ಅವರಿಗೆ ರಜೆ ಸಿಕ್ಕಿದ್ದನ್ನು ನಾನು ಕಾಣೆ. ಅದಕ್ಕೇ ಆಸ್ಪತ್ರೆಯ ಹಿಂದಿನ ತಮ್ಮ ಎರಡು ಕೋಣೆಯ ಮನೆಯಲ್ಲಿ ಒಂದು ಭರಣಿಯಲ್ಲಿ ದ್ರಾಕ್ಷಿ ವೈನ್ ಮಾಡಿ, ಹಬ್ಬದ ಮಧ್ಯಾಹ್ನ ಆಯಾ, ಕಸ ಗುಡಿಸುವವಳು, ವಾಚ್‌ಮನ್ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಎರಡೆರಡು ಗುಟುಕು ಕೊಡುತ್ತಿದ್ದರು. ಅಷ್ಟೇ ಅವರ ಹಬ್ಬ. ಒಂದು ವರ್ಷವೂ ತಪ್ಪಿಸಿದವರಲ್ಲ.

ನಾನೋ ಗುಡೇಕೋಟೆ ಕಡೆಯ ಒಕ್ಕಲು ಮನೆಯವಳು. ನಮ್ಮಲ್ಲಿ ವೈನ್ ಎಂದರೂ ಒಂದೇ, ಸಾರಾಯಿ ಎಂದರೂ ಒಂದೇ. ನನ್ನನ್ನು ನೋಡಲು ಬಂದಿದ್ದ ಅಪ್ಪನಿಗೆ ಆ ಭರಣಿಯಲ್ಲಿರುವುದು ಉಪ್ಪಿನಕಾಯಿ ಎಂದು ಸುಳ್ಳು ಹೇಳಿದ್ದೇನೆ.

ಹೆರಿಗೆ ಕೋಣೆಯಲ್ಲಿ ಅವರದು ಒಂದೇ ಮಾತು. ಹೊಸಬಳಾದ ನಾನು ಗಾಬರಿಯಿಂದ ಗಳಿಗೆಗೊಮ್ಮೆ ಬಸುರಿಯ ಹೊಟ್ಟೆ ಮುಟ್ಟಿ ನೋಡುತ್ತಿದ್ದರೆ, "ಕೈ ತಗಿಯವ್ವ. ಅದರ ಕೆಲಸ ಅದು ಮಾಡ್ತೈತಿ," ಎನ್ನುತ್ತಿದ್ದರು. ಅದು ಬೈಗುಳವಲ್ಲ, ಸಮಾಧಾನವೂ ಅಲ್ಲ. ಸಾವಿರ ಹೆರಿಗೆ ನೋಡಿ ದಣಿದವರ ಮಾತು.

ನಾನು ಸೇರಿದ ಮೂರನೆಯ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಚಿಕಿತ್ಸೆಗೆ ಬಳ್ಳಾರಿಗೆ ಹೊರಡುವ ದಿನ ದ್ರಾಕ್ಷಿ ಬುಟ್ಟಿಯನ್ನು ನನ್ನ ಮುಂದಿಟ್ಟರು. "ಈ ಸಲ ನೀನ ಹಾಕು. ಇದೊಂದು ಕ್ರಿಸ್ಮಸ್ ತಪ್ಪಬಾರದು ನೋಡು." ನಾನು ಬುಟ್ಟಿ ಎತ್ತಿಕೊಂಡೆ.

ನನ್ನದು ನರ್ಸಿನ ಬುದ್ಧಿ. ಅವರ ಮನೆಯಲ್ಲಿದ್ದ ಭರಣಿಗೆ ಕುದಿನೀರು ಸುರಿದೆ, ಮರದ ಸೌಟು ಕುದಿಸಿದೆ, ದ್ರಾಕ್ಷಿಯನ್ನೂ ಬಿಸಿನೀರಲ್ಲಿ ಅದ್ದಿ ತೆಗೆದು, ಕಿವುಚಿ ಸಕ್ಕರೆ ಬೆರೆಸಿದೆ. ಬೇಕರಿಯಿಂದ ತಂದ ಈಸ್ಟನ್ನು ನೀರಲ್ಲಿ ಕಲಸಿ ಹಾಕು ಎಂದಿದ್ದರು. ಕುದಿಸದ ನೀರನ್ನು ನಂಬುವುದು ನನ್ನಿಂದಾಗಲಿಲ್ಲ, ಕುದಿಯುತ್ತಿದ್ದ ನೀರಲ್ಲೇ ಕಲಸಿದೆ. ನಾಲ್ಕು ದಿನ, ಡ್ಯೂಟಿ ಮುಗಿಸಿ ಕಾಲು ಊದಿಸಿಕೊಂಡು ಬಂದವಳು ಸೀರೆ ಕೂಡ ಬದಲಿಸದೆ ಭರಣಿಯ ಬಾಯಿಬಟ್ಟೆ ಬಿಚ್ಚಿ ನೋಡಿದ್ದೇ ನೋಡಿದ್ದು. ಒಂದು ಗುಳ್ಳೆಯಾದರೂ ಏಳಬೇಕಲ್ಲ! ಐದನೆಯ ದಿನ ಸ್ಟೆತಾಸ್ಕೋಪ್ ತಂದು ಭರಣಿಯ ಮೈಗೆ ಒತ್ತಿಕೊಂಡು ಕೂತೆ. ಆಗಲೇ ಬಾಗಿಲಲ್ಲಿ ದೊಡ್ಡ ಸಿಸ್ಟರ್, ಬಳ್ಳಾರಿ ಬಸ್ಸಿಳಿದು ನೇರ ಬಂದವರು. ಇನ್ನು ಮಾಡುವುದೇನೂ ಇಲ್ಲವೆಂದು ಅಲ್ಲಿ ಹೇಳಿ ಕಳಿಸಿದ್ದರಂತೆ.

"ಏನಂತೈತಿ ಕೂಸು?"

ನನಗೆ ಅಳು ಬಂತು. "ಸತ್ತೈತ್ರಿ ಸಿಸ್ಟರ್. ಎಲ್ಲಾ ಕುದಿಸೇ ಹಾಕೀನ್ರಿ, ಏನೂ ಕಮ್ಮಿ ಮಾಡಿಲ್ರಿ."

ಅವರು ಕುರ್ಚಿಯಲ್ಲಿ ಕುಸಿದು ನಕ್ಕರು. ನಗುವಾಗಲೂ ನೋವಿಗೆ ಹೊಟ್ಟೆ ಹಿಡಿದುಕೊಂಡಿದ್ದರು. "ಈಸ್ಟನೂ ಕುದಿಸಿದೇನು? ಅದು ಜೀವ ಐತಿ, ಯವ್ವಾ. ಕ್ರಿಮಿ ಕೊಂದು ಕೊಂದು ನಮ್ಮ ಕೈಗೆ ಅದ ರೂಢಿ ಆಗೈತಿ."

ಹೊಸ ಈಸ್ಟ್ ತರಿಸಿದರು. ನೀರನ್ನು ನನ್ನ ಮುಂಗೈ ಮೇಲೆ ಎರಡು ಹನಿ ಬಿಟ್ಟು, "ಕೂಸಿನ ಹಾಲು ನೋಡ್ತೀಯಲ್ಲ, ಹಂಗ ಇರಬೇಕು," ಎಂದರು. ಮರುದಿನ ಗುಳ್ಳೆ ಎದ್ದಿತು. ಅದರ ಮರುದಿನ ನೊರೆ ಉಕ್ಕಿ ಬಟ್ಟೆಯನ್ನೇ ಎತ್ತಿತು, ಮನೆಯೆಲ್ಲ ಹುಳಿ ಘಾಟು. ಕೆಟ್ಟೇ ಹೋಯಿತೆಂದು ಬಚ್ಚಲಿಗೆ ಸುರಿಯಲು ಭರಣಿ ತಬ್ಬಿದ್ದೆ.

"ಕೈ ತಗಿ," ಮಂಚದ ಮೇಲಿಂದ ದನಿ ಬಂತು. "ಅದು ಕೆಟ್ಟಿಲ್ಲ, ಕೆಲಸ ಮಾಡಾಕತ್ತೈತಿ. ಮುಂಜಾನಿ ಒಮ್ಮಿ ಸೌಟು ಆಡಿಸಿ, ಬಟ್ಟಿ ಕಟ್ಟಿ, ನಿನ್ನ ಕೆಲಸಕ್ಕ ಹೋಗು."

ಹೋದೆ. ಹಾಗೆ ಬಿಟ್ಟು ಹೋಗುವುದು ನನಗೆ ಎರಡು ಪಾಳಿ ದುಡಿಯುವುದಕ್ಕಿಂತ ಕಷ್ಟವಾಗಿತ್ತು. ಕ್ರಿಸ್ಮಸ್ಸಿನ ಹಿಂದಿನ ದಿನ ಸೋಸಿ, ಬಟ್ಟೆ ಹಿಂಡಿದೆ. ಮರುದಿನ ಅವರ ಮಂಚದ ಸುತ್ತ ನಿಂತು ಎಲ್ಲರೂ ಎರಡೆರಡು ಗುಟುಕು ಕುಡಿದರು. ಅವರು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು.

"ಸ್ವಲ್ಪ ಹುಳಿ ಆತು. ಬರೋ ವರ್ಷ ಸಕ್ರಿ ನೋಡ್ಕೊಂಡು ಹಾಕು."

ಈಗ ನನಗೂ ಮಂಡಿ ಹಿಡಿದಿದೆ, ದುಡಿದದ್ದು ಸಾಕೆನಿಸಿದೆ. ಆದರೂ ವರ್ಷವರ್ಷವೂ ಸಕ್ಕರೆ ನೋಡಿಕೊಂಡು ಹಾಕುತ್ತೇನೆ. ಕೇಳಿದವರಿಗೆ ವೈನ್ ಎಂದೇ ಹೇಳುತ್ತೇನೆ.

ದೊಡ್ಡ ಸಿಸ್ಟರ್‌ಗೆ ಆ ಹೊಸ ವರ್ಷ ಬರಲಿಲ್ಲ. ಕೊನೆಯ ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತು ಐದು ನಿಮಿಷಕ್ಕೊಮ್ಮೆ ಅವರ ನಾಡಿ ನೋಡುತ್ತಿದ್ದೆ. ಅವರ ಉಗುರು ಆ ವರ್ಷ ಬೆಳ್ಳಗಿತ್ತು, ಬಣ್ಣವೆಲ್ಲ ನನ್ನ ಉಗುರಲ್ಲಿತ್ತು. ಕಣ್ಣು ಮುಚ್ಚಿಕೊಂಡೇ ಹೇಳಿದರು: "ಕೈ ತಗಿಯವ್ವ."

ನಾಡಿ ಎಣಿಸುವುದನ್ನು ನಿಲ್ಲಿಸಿದೆ. ಕೈ ಮಾತ್ರ ತೆಗೆಯಲಿಲ್ಲ.